ಕಡಲಲ್ಲಿದ್ದ ಬಂಗುಡೆ ಮತ್ತು ತಪ್ಪು ಕಾಣಿಕೆ

1936ರಲ್ಲಿ ನಾನು ಶಾಲೆ ಬಿಟ್ಟೆ. ಕಲ್ಯಾಣಪುರದಲ್ಲಿ ಆರನೇ ಕ್ಲಾಸು ಅರ್ಧ ಆಗಿತ್ತು. ನನ್ನ ಸೋದರಮಾವ ಸೇಸಪ್ಪ ಆಚಾರಿಗೆ ಉದ್ದ ಗರಗಸದ ಇನ್ನೊಂದು ತುದಿ ಹಿಡಿಯಲು ಜನ ಬೇಕಾಗಿತ್ತು. ನನಗೂ ಲೆಕ್ಕದ ಮಾಸ್ಟ್ರ ಬೆತ್ತಕ್ಕಿಂತ ಆ ಗರಗಸವೇ ಹಿತವಾಗಿ ಕಂಡಿತು. ಆ ದಿನದಿಂದ ಈ ದಿನದವರೆಗೆ ಯಾರ ಹಂಗಿನಲ್ಲೂ ಒಂದು ಹೊತ್ತಿನ ಊಟ ಮಾಡಿದವನಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಹೆಮ್ಮೆ ಪಡಬಾರದು ಎಂದು ಹೇಳುವವರು ಒಂದು ಬಾಗಿಲ ದಾರಂದದ ಚೌಕಟ್ಟು ಕೂಡಿಸಿ ತೋರಿಸಲಿ, ಆಮೇಲೆ ಮಾತಾಡುವ.

ಮೊದಲು ಮರಗೆಲಸ, ಆಮೇಲೆ ಮರಗೆಲಸದ ಗುತ್ತಿಗೆ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಐವತ್ತರ ದಶಕದ ಕೊನೆಗೆ ಬರುವಾಗ ಜನ ನನ್ನನ್ನು ಹೆಚ್ಚಾಗಿ ಕರೆಯುತ್ತಿದ್ದುದು ಪಂಚಾತಿಕೆಗೆ. ಕೆಲಸ ಮಾಡಿಸಿದವನಿಗೂ ಮಾಡಿದವನಿಗೂ ತಕರಾರು ಬಂದಾಗ ಇಬ್ಬರೂ ಒಪ್ಪಿದ ಮೂರನೆಯವನು ಕೂತು ತೀರ್ಮಾನ ಹೇಳುವುದಕ್ಕೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಮಧ್ಯಸ್ಥಿಕೆ ಎಂದು ಹೆಸರು. ಈಗ ಡಿಗ್ರಿ ಮಾಡಿಕೊಂಡು ಈ ಕೆಲಸಕ್ಕೆ ಬರುವ ಹುಡುಗರಿದ್ದಾರೆ. ಅವರು ಬಂದು ಕೇಳುತ್ತಾರೆ: "ಅಜ್ಜ, ಮಧ್ಯಸ್ಥನಿಗೆ ಎಷ್ಟು ಪವರ್ ಉಂಟು?" ಎಷ್ಟು ಉಂಟು ಎಂದು ಕಲಿಯಲು ನನಗೆ ಹೆಚ್ಚು ಕಾಲ ಬೇಕಾಗಲಿಲ್ಲ. ಎಲ್ಲಿ ಮುಗಿಯುತ್ತದೆ ಎಂದು ಕಲಿಯಲು ಬೇಕಾಯಿತು. ಅದನ್ನು ಕಲಿತದ್ದು ಹೇಗೆ, ಕಲಿತದ್ದನ್ನು ಹಿಡಿದುಕೊಂಡು ಗೆದ್ದದ್ದು ಹೇಗೆ, ಅಷ್ಟನ್ನು ಬರೆಯುತ್ತೇನೆ.

ಮೊದಲು ಕಾರ್ಕಳದ ವಿಷಯ. ಆಗ ಪಂಚಾತಿಕೆಗೆ ಕೂರುತ್ತಿದ್ದವರು ಮಾವ. ನಾನು ಅವರ ಚೀಲ ಹಿಡಿದುಕೊಂಡು ಹಿಂದೆ ಹೋಗುವವನು. ಮಾವನ ಕ್ರಮ ಹಳೆಯದು. ಎರಡೂ ಕಡೆಯವರನ್ನು ಚಾಪೆಯ ಎದುರು ಕೂರಿಸಿ ಮಾತು ಕೇಳುವುದು, ಮರ ನೋಡುವುದು, ಎಲೆ ಅಡಿಕೆ ಹಾಕಿಕೊಳ್ಳುವುದು, ಆಮೇಲೆ ತೀರ್ಮಾನ. ತೀರ್ಮಾನದ ಕೊನೆಗೆ ತಪ್ಪು ಕಾಣಿಕೆ ಇದ್ದೇ ಇರುತ್ತಿತ್ತು. ಮಾತು ತಪ್ಪಿದವನು ದೈವದ ಎದುರು ನಿಂತು, ತಪ್ಪಾಯಿತು ಎಂದು ಹೇಳಿ ಕಾಣಿಕೆ ಇಡಬೇಕು. ಅಲ್ಲಿಗೆ ಜಗಳ ಮುಗಿಯಿತು. ಮಾರನೇ ದಿನ ಇಬ್ಬರೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು.

ಕಾರ್ಕಳದಲ್ಲಿ ಒಬ್ಬ ಧಣಿ ಅಕ್ಕಿ ಮಿಲ್ಲಿನ ಹಂಚಿನ ಮಾಡಿಗೆ ಮರ ಬೇಕೆಂದು ಮರದ ವ್ಯಾಪಾರಿ ಕೊರಗ ಶೆಟ್ಟರಿಗೆ ಹೇಳಿದ್ದರು. ಶೆಟ್ಟರು ಅಳತೆಗೆ ಸರಿಯಾಗಿ ಮರ ಕೊಯ್ಸಿ ತಂದು ಇಳಿಸಿದ ಮೇಲೆ ಧಣಿಗೆ ಕಬ್ಬಿಣದ ಮಾಡಿನ ಮೇಲೆ ಮನಸ್ಸಾಯಿತು. ಮರ ಬೇಡ ಎಂದರು. ಆ ಅಳತೆಯ ಮರ ಬೇರೆಲ್ಲಿಗೆ ಹೋಗುತ್ತದೆ? ಇಬ್ಬರೂ ಕಾಗದಕ್ಕೆ ಸಹಿ ಹಾಕಿ ಮಾವನನ್ನು ಕೂರಿಸಿದರು. ಮಾವ ಹೇಳಿದ್ದು ನೂರಕ್ಕೆ ನೂರು ನ್ಯಾಯ: ನಷ್ಟ ಧಣಿಯೇ ತುಂಬಿಕೊಡಬೇಕು. ಆದರೆ ಬರೆಸುವಾಗ ಮರದ ನಷ್ಟಕ್ಕೂ, ಮಾತು ತಪ್ಪಿದ್ದಕ್ಕೆ ದೈವದ ತಪ್ಪು ಕಾಣಿಕೆಗೂ ಸೇರಿ ಒಂದೇ ಮೊತ್ತ ಬರೆಸಿದರು.

ಧಣಿ ಕೋರ್ಟಿಗೆ ಹೋದರು. ಕೋರ್ಟು ಇಡೀ ತೀರ್ಪನ್ನೇ ತಳ್ಳಿಹಾಕಿತು. ಶೆಟ್ಟರ ಮರ ಮಿಲ್ಲಿನ ಅಂಗಳದಲ್ಲೇ ಗೆದ್ದಲು ಹಿಡಿಯಿತು. ಅವರು ಮತ್ತೆ ಮರದ ವ್ಯಾಪಾರಕ್ಕೆ ಕೈ ಹಾಕಲಿಲ್ಲ.

ನನಗೆ ಇದು ಅರ್ಥವಾಗಲಿಲ್ಲ. ಉಡುಪಿಯಲ್ಲಿ ಪದ್ಮನಾಭ ರಾಯರು ಎಂಬ ವಕೀಲರಿದ್ದರು. ಅವರ ಮನೆಯ ಕಪಾಟು ಮಾಡಿಕೊಟ್ಟವನು ನಾನೇ. ಅವರಲ್ಲಿ ಹೋಗಿ ಕೇಳಿದೆ.

"ನಿಮ್ಮ ಮಾವ ಹೇಳಿದ್ದು ನ್ಯಾಯವೇ, ಆಚಾರ್ರೆ," ಎಂದರು ರಾಯರು. "ಆದರೆ ಪಾರ್ಟಿಯವರು ಅವರ ಕೈಗೆ ಕೊಟ್ಟದ್ದು ಎಂತ? ಮರದ ಜಗಳ. ದೈವದ ಜಗಳ ಕೊಟ್ಟಿದ್ರಾ?"

"ಇಲ್ಲ. ಆದ್ರೆ ಅದು ನಮ್ಮಲ್ಲಿ ಇದ್ದದ್ದೇ ಅಲ್ವಾ?"

"ಊರಿನಲ್ಲಿ ಇದ್ದದ್ದು. ಕಾಗದದಲ್ಲಿ ಇಲ್ಲ. ಮಧ್ಯಸ್ಥನಿಗೆ ಅಧಿಕಾರ ಬರುವುದು ಇಬ್ಬರ ಸಹಿಯಿಂದ. ಸಹಿ ಹಾಕಿದ ಕರಾರು ಅವನ ಬೇಲಿ. ಬೇಲಿ ಹಾರಿ ಹೊರಗೆ ಒಂದು ಕಾಲಿಟ್ರೂ ಎದುರಿನವ ಆ ಕಾಲನ್ನೇ ಹಿಡೀತಾನೆ. ನಷ್ಟವನ್ನೂ ಕಾಣಿಕೆಯನ್ನೂ ಒಟ್ಟಿಗೆ ಕಲಸಿದ ಮೇಲೆ ಕೋರ್ಟು ಯಾವುದನ್ನು ಇಟ್ಟುಕೊಂಡು ಯಾವುದನ್ನು ತೆಗೆಯುವುದು? ಹೇಳಿ."

ನಾನು ಇದನ್ನು ಮಾವನಿಗೆ ಹೇಳಿದೆ. ಮಾವ ಎಲೆಯ ತೊಟ್ಟು ಮುರಿಯುತ್ತಾ, "ಜಡ್ಜಿಗೆ ದೈವ ಗೊತ್ತಿಲ್ಲ, ನಿನ್ನ ರಾಯರಿಗೆ ಮರ ಗೊತ್ತಿಲ್ಲ. ನೀನು ಇಬ್ಬರಿಗೂ ಕಿವಿ ಕೊಡು, ಉದ್ಧಾರ ಆಗ್ತಿ," ಎಂದರು.

ನಾನು ರಾಯರಿಗೇ ಕಿವಿ ಕೊಟ್ಟೆ. ವಾರಕ್ಕೊಮ್ಮೆ ಅವರ ಜಗಲಿಯಲ್ಲಿ ಕೂತು ಕರಾರು ಓದಲು ಕಲಿತೆ. ಶಾಲೆಯಲ್ಲಿ ಬಿಟ್ಟ ಓದು ಅಲ್ಲಿ ಸಿಕ್ಕಿತು ಎನ್ನಬೇಕು. ಮಾವ ಬಾಯಲ್ಲಿ ಹೇಳುತ್ತಿದ್ದರು. ನಾನು ಎಲ್ಲವನ್ನೂ ಸ್ಟ್ಯಾಂಪು ಕಾಗದದಲ್ಲಿ ಬರೆದೆ, ಆಮೇಲಾಮೇಲೆ ಉಡುಪಿಯಲ್ಲಿ ಟೈಪು ಮಾಡಿಸಿದೆ. ಪಂಚಾತಿಕೆಗೆ ಕೂರುವ ಮೊದಲು ಕರಾರನ್ನು ಎರಡೂ ಕಡೆಯವರಿಗೆ ಗಟ್ಟಿಯಾಗಿ ಓದಿ ಹೇಳುವ ಕ್ರಮ ಇಟ್ಟುಕೊಂಡೆ. ಸಹಿ ಹಾಕಿದವರಲ್ಲಿ ಅರ್ಧ ಜನ ಅದರಲ್ಲಿ ಏನಿದೆ ಎಂದು ಮೊದಲ ಬಾರಿ ಕೇಳುತ್ತಿದ್ದುದು ಆವಾಗಲೇ.

ಮಣಿಪಾಲದ ಗುಡ್ಡದಲ್ಲಿ ಒಂದರ ಹಿಂದೆ ಒಂದು ಕಟ್ಟಡ ಏಳುತ್ತಿದ್ದ ಕಾಲ ಅದು. ಬೆಳಿಗ್ಗೆ ನನ್ನ ಮನೆಯಿದ್ದ ಅಲೆವೂರಿನಿಂದ ನಡೆದುಕೊಂಡು ಹತ್ತಿದರೆ ಎಲ್ಲಿ ನೋಡಿದರೂ ಮುರಕಲ್ಲಿನ ಕೆಂಪು ಹುಡಿ. ತಕರಾರಿಗೆ ಬರಗಾಲವೇ ಇರಲಿಲ್ಲ. ಒಮ್ಮೆ ಐತಪ್ಪ ನಾಯ್ಕ ಎಂಬ ಕಿಟಕಿ ಗುತ್ತಿಗೆಯವನು ಬಂದು ಕೂತ.

"ಸೂಪರ್‌ವೈಸರ್ ಆಳುಗಳ ಎದುರು ನನ್ನನ್ನು ಕತ್ತೆ ಅಂತ ಹೇಳಿದ್ದಾನೆ ಆಚಾರ್ರೆ. ಅದಕ್ಕೆ ಎಷ್ಟು ಹಾಕ್ತೀರಿ?"

"ಕಿಟಕಿಗೆ ಹಾಕ್ತೇನೆ. ಕತ್ತೆ ನನ್ನ ಕಾಗದದಲ್ಲಿ ಇಲ್ಲ."

"ಕಾಗದದಲ್ಲಿ ಇಲ್ಲದಿದ್ರೆ ಎಂತ, ಸೈಟಿನಲ್ಲಿ ಹೇಳಿದ್ದಾನಲ್ಲ ಮಾರಾಯ್ರೆ!"

ಸೂಪರ್‌ವೈಸರ್ ಹಿಂದಿನಿಂದ ಎದ್ದು ನಿಂತ. "ಹಾಗಾದ್ರೆ ಇವ ನನ್ನನ್ನು ಕೋಣ ಅಂದದ್ದಕ್ಕೆ?"

"ಕೋಣವೂ ಇಲ್ಲ," ಎಂದೆ. "ಇಬ್ಬರೂ ಕೂತುಕೊಳ್ಳಿ. ಕಿಟಕಿಯ ಮಾತಾಡುವ."

ಮಧ್ಯಾಹ್ನದೊಳಗೆ ಕಿಟಕಿಯ ತೀರ್ಪು ಆಯಿತು. ಕತ್ತೆಯೂ ಕೋಣವೂ ಜತೆಯಲ್ಲೇ ಇಳಿದು ಹೋದವು. ಇಂಥವು ಹಲವಾರು ಮಾಡಿದೆ. ಆದರೆ ಬೇಲಿ ಎಂದರೆ ಏನು ಎಂದು ನಿಜವಾಗಿ ಪರೀಕ್ಷೆಯಾದದ್ದು ಕಾಪುವಿನಲ್ಲಿ, 1961ರ ಮಳೆಗಾಲ ಕಳೆದ ಮೇಲೆ.

ಕಲ್ಯಾಣಪುರದ ಹೊಳೆಯ ಬದಿಯಲ್ಲಿ ಬಸ್ತ್ಯಾಂವ್ ಎಂಬವರು ದೋಣಿ ಕಟ್ಟುತ್ತಿದ್ದರು. ನಾವೆಲ್ಲ ಅವರನ್ನು ಪೊರ್ಬು ಎಂದೇ ಕರೆಯುವುದು. ನಮ್ಮಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಹಾಗೆ ಕರೆಯುವ ರೂಢಿ. ಅವರಿಗೆ ಇದ್ದದ್ದು ಒಂದು ತೆಂಗಿನ ಮಡಲಿನ ಶೆಡ್ಡು, ಅದರ ಅಡಿಯ ಜಾಗ, ಉಪಕರಣ. ಕಾಪುವಿನ ದಾಸು ಸಾಲಿಯಾನ್ ಎಂಬ ಮೀನುಗಾರರು ಅವರಿಗೆ ರಂಪಣಿ ದೋಣಿ ಕಟ್ಟಲು ಹೇಳಿದ್ದರು. ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಆ ಬಲೆಯನ್ನು ಕಡಲಿಗೆ ಒಯ್ದು ಸುತ್ತು ಬಿಡುವುದು ಈ ದೋಣಿ. ಶ್ರಾವಣದ ನೂಲ ಹುಣ್ಣಿಮೆಗೆ ಸಮುದ್ರ ಪೂಜೆ, ಅದರೊಳಗೆ ದೋಣಿ ಕಾಪುವಿನ ದಡದಲ್ಲಿರಬೇಕು ಎಂದು ಕರಾರು. ಅದನ್ನು ಬರೆದವರು ಪದ್ಮನಾಭ ರಾಯರು. ತಕರಾರು ಬಂದರೆ ವಾಸು ಆಚಾರಿಯ ತೀರ್ಮಾನ ಎಂದು ನನ್ನ ಹೆಸರನ್ನೂ ಅದರಲ್ಲಿ ಸೇರಿಸಿದ್ದರು.

ಪೊರ್ಬು ನಡುವೆ ಒಂದು ಇಗರ್ಜಿಯ ಬಾಗಿಲಿನ ಕೆಲಸ ಹಿಡಿದರು. ದೋಣಿ ಕಾಪು ಮುಟ್ಟುವಾಗ ದೀಪಾವಳಿ ಹತ್ತಿರ ಬಂದಿತ್ತು. ಆ ವರ್ಷವೋ, ಬಂಗುಡೆ ದಡಕ್ಕೇ ಬಂದು ಬಿದ್ದ ವರ್ಷ. ಗದ್ದೆಗೆ ಗೊಬ್ಬರಕ್ಕೆ ಹಾಕುವಷ್ಟು ಮೀನು. ಸಾಲಿಯಾನರ ಜನ ದಡದಲ್ಲಿ ಕೂತು ನೆರೆಯವರ ಬಲೆ ನೋಡಿದ್ದೇ ಬಂತು. ಅವರು ಕೇಳಿದ ನಷ್ಟ ಆ ಎರಡು ತಿಂಗಳ ಇಡೀ ಮೀನಿನದ್ದು. ಅಷ್ಟನ್ನು ಬರೆದರೆ ಪೊರ್ಬುವಿನ ಶೆಡ್ಡು, ಜಾಗ, ಉಳಿ ಬಾಚಿ ಸಮೇತ ಹೋಗುತ್ತಿತ್ತು. ಅರುವತ್ತು ದಾಟಿದ ಮನುಷ್ಯ, ಇನ್ನೊಬ್ಬರ ಕೈಕೆಳಗೆ ಕೂಲಿಗೆ ಹೋಗಬೇಕಿತ್ತು.

ಕಾಪುವಿನಲ್ಲಿ ದೀಪಸ್ತಂಭದ ಬಂಡೆಯ ಈಚೆ ಬಲೆ ಇಡುವ ಚಪ್ಪರದಲ್ಲಿ ಚಾಪೆ ಹಾಕಿದರು. ಇಡೀ ಮೊಗವೀರ ಪಟ್ಣವೇ, ಅಂದರೆ ಮೀನುಗಾರರ ಕೇರಿಯೇ, ಬಂದಿತ್ತು. ಮಾವನೂ ಬಂದಿದ್ದರು, ವಯಸ್ಸಾಗಿತ್ತು, ಆದರೆ ನನ್ನ ಪಕ್ಕದಲ್ಲಿ ಅವರು ಕೂತರೆ ಅದೇ ಒಂದು ಬಲ. ಮಾತೆಲ್ಲ ನಡೆದದ್ದು ತುಳುವಿನಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಲ್ಲರೂ ಹೊತ್ತುಕೊಂಡು ಹೋದರು ಆಚಾರ್ರೆ, ನನ್ನ ಪಾಲಿನ ಬಂಗುಡೆ ಮಾತ್ರ ಕಡಲಲ್ಲಿ ಉಳಿಯಿತು," ಎಂದರು ಸಾಲಿಯಾನರು.

"ಕಡಲಲ್ಲಿ ಇದ್ದದ್ದು ನಿಮ್ಮ ಪಾಲಿನದ್ದು ಅಂತ ಗೊತ್ತಾದದ್ದು ಹೇಗೆ? ಹೆಸರು ಬರೆದಿತ್ತಾ?"

ಜನ ನಕ್ಕರು. ಸಾಲಿಯಾನರು ನಗಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ ಎಂದು ನನಗೂ ಗೊತ್ತಿತ್ತು. ನಾನು ಕರಾರನ್ನು ಗಟ್ಟಿಯಾಗಿ ಓದಿದೆ. ದೋಣಿ ತಡವಾದರೆ ಅಷ್ಟು ದಿನಕ್ಕೆ ಬೇರೆ ದೋಣಿಯ ಬಾಡಿಗೆಯನ್ನು ದೋಣಿ ಕಟ್ಟಿದವನು ಕೊಡತಕ್ಕದ್ದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು.

"ಬಾಡಿಗೆ ದೋಣಿ ಸಿಗ್ತಿತ್ತಾ, ಸಾಲಿಯಾನ್ರೆ?"

"ಸಿಗ್ತಿತ್ತು. ಪಡುಬಿದ್ರಿಯಲ್ಲಿ ಎರಡು ಖಾಲಿ ಇತ್ತು."

"ಯಾಕೆ ತರಲಿಲ್ಲ?"

"ನನ್ನ ದೋಣಿ ಬರ್ತದೆ ಅಂತ ಊರಿಗೆಲ್ಲ ಹೇಳಿ, ಇನ್ನೊಬ್ಬರ ದೋಣಿಗೆ ಕಾಲಿಡ್ಲಿಕ್ಕೆ ನಾನೆಂತ ಮರ್ಯಾದೆ ಇಲ್ಲದವನಾ?"

"ನಿಮ್ಮ ಮರ್ಯಾದೆ ದೊಡ್ಡದು," ಎಂದೆ, "ಆದರೆ ಅದರ ಬಾಡಿಗೆ ಪೊರ್ಬು ಕೊಡಬೇಕು ಅಂತ ಕರಾರಿನಲ್ಲಿ ಇಲ್ಲ. ದೋಣಿಯ ಬಾಡಿಗೆ ಉಂಟು. ಅದನ್ನು ಒಂದು ಪೈಸೆ ಕಡಿಮೆ ಮಾಡದೆ ಕೊಡಿಸ್ತೇನೆ."

ಪೊರ್ಬು ತಲೆ ತಗ್ಗಿಸಿ, "ಅಷ್ಟು ಕೊಡ್ತೇನೆ. ತಡ ಮಾಡಿದ್ದು ನಾನೇ," ಎಂದರು.

ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಪೆನ್ನು ತೆಗೆದೆ. ಆಗ ಆ ಪಟ್ಣದ ಗುರಿಕಾರರು ಎದ್ದರು. ಬಿಳಿ ಮೀಸೆಯ ಹಿರಿಯರು, ಅವರ ಮಾತಿಗೆ ಅಲ್ಲಿ ಎದುರು ಮಾತಿಲ್ಲ.

"ಬಾಡಿಗೆ ಸಾಲಿಯಾನನಿಗಾಯಿತು. ಕಡಲಿಗೆ ಎಂತ? ಹುಣ್ಣಿಮೆ ದಿವಸ ಹಾಲು ಎರೆದು, ಹೊಸ ದೋಣಿ ಬಂತಮ್ಮಾ ಅಂತ ಹೇಳಿಯಾಗಿದೆ. ದೋಣಿ ಬರಲಿಲ್ಲ. ನಾವು ಸುಳ್ಳು ಹೇಳಿದ ಹಾಗಾಯ್ತು. ಪೊರ್ಬು ತಪ್ಪು ಕಾಣಿಕೆ ಇಡ್ಬೇಕು. ತೀರ್ಪಿನಲ್ಲಿ ಬರೀರಿ."

"ಬರೀಬೇಕು, ಬರೀಬೇಕು," ಎಂದು ಜನ ಎದ್ದರು. ಹೆಂಗಸರ ಕಡೆಯಿಂದಲೂ ಅದೇ ಕೂಗು.

ಪೊರ್ಬು ಸಹ, "ಬರೀರಿ ಆಚಾರ್ರೆ. ನಾನು ಇಡ್ತೇನೆ. ನಮ್ಮ ಇಗರ್ಜಿಯಲ್ಲೂ ಒಂದು ಮೇಣದ ಬತ್ತಿ ಹಚ್ತೇನೆ. ಒಟ್ಟು ಮುಗೀಲಿ," ಎಂದರು.

ಮಾವ ನನ್ನ ಕಿವಿಯ ಹತ್ತಿರ ಬಂದರು. "ಅವನೇ ಒಪ್ಪಿದ್ದಾನೆ, ಇನ್ನೇನು? ಬೇಕಾದರೆ ಬೇರೆ ಸಾಲಿನಲ್ಲಿ ಬರಿ."

ಈ ಕೆಲಸಕ್ಕೆ ಬರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡೂ ಕಡೆಯವರಿಗೆ ಬೇಕು, ಊರಿಗೆ ಬೇಕು, ಪಕ್ಕದಲ್ಲಿ ಕೂತ ಗುರುವಿಗೂ ಬೇಕು. ಬರೆದರೆ ಎಲ್ಲರೂ ಜೈ ಎನ್ನುತ್ತಾರೆ. ಆದರೆ ನನ್ನ ಕಣ್ಣೆದುರು ಇದ್ದದ್ದು ಕಾರ್ಕಳದ ಅಂಗಳದಲ್ಲಿ ಗೆದ್ದಲು ಹಿಡಿದ ಮರ. ಕಡಲಿಗೆ ಸುಳ್ಳು ಹೇಳಿದ ಜಗಳವನ್ನು ಯಾರೂ ನನಗೆ ಬರೆದು ಕೊಟ್ಟಿರಲಿಲ್ಲ. ಇವತ್ತು ಜೈ ಎಂದವರು ನಾಳೆ ಅದೇ ಸಾಲು ಹಿಡಿದು ಕೋರ್ಟಿಗೆ ಹೋದರೆ ತೀರ್ಪು ಹೋದೀತು. ತೀರ್ಪು ಹೋದರೆ ಪೊರ್ಬುವಿನ ಶೆಡ್ಡು ಮತ್ತೆ ಬಯಲಿಗೆ ಬೀಳುತ್ತದೆ.

"ಬೇರೆ ಸಾಲಿನಲ್ಲಿ ಬರೆದರೂ ಇಲ್ಲದ ಅಧಿಕಾರ ಬರುವುದಿಲ್ಲ ಮಾವ," ಎಂದೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ: "ನಾನು ಬರೆಯುವುದಿಲ್ಲ."

ಗದ್ದಲವೆಂದರೆ ಗದ್ದಲ. "ಇವ ಪೊರ್ಬುಗಳ ಜನ!" ಎಂದು ಒಬ್ಬ. "ಕಡಲಿಗೆ ಮರ್ಯಾದೆ ಇಲ್ವಾ ನಿಮ್ಮ ಕಾಗದದಲ್ಲಿ?" ಎಂದು ಗುರಿಕಾರರು ಗುಡುಗಿದರು.

"ಇಲ್ಲ ಗುರಿಕಾರ್ರೆ. ಕಾಗದದಲ್ಲಿ ಇರುವುದು ದೋಣಿ ಮಾತ್ರ. ಕಡಲಿನ ಮಾತು ಹೇಳುವ ಅಧಿಕಾರ ನನಗೆ ಯಾರೂ ಕೊಟ್ಟಿಲ್ಲ. ನಿಮಗೆ ಉಂಟು, ಹುಟ್ಟಿನಿಂದ ಉಂಟು. ನಾನು ನನ್ನದನ್ನು ಬರೆದು ಏಳ್ತೇನೆ. ಆಮೇಲೆ ಈ ಚಾಪೆಯಲ್ಲಿ ನೀವು ಕೂತು ನಿಮ್ಮದನ್ನು ಹೇಳಿ."

ನಾನು ತೀರ್ಪು ಬರೆದು, ಓದಿ, ಸಹಿ ಹಾಕಿ, ಎರಡೂ ಕಡೆಯವರಿಗೆ ಒಂದೊಂದು ಪ್ರತಿ ಕೊಟ್ಟೆ. ಚಾಪೆಯಿಂದ ಎದ್ದು, ಜನರ ನಡುವೆ ಹೋಗಿ ಸಾಲಿಯಾನರ ಪಕ್ಕದಲ್ಲೇ ಮರಳಿನ ಮೇಲೆ ಕೂತೆ. ಗುರಿಕಾರರು ಮೀಸೆ ಒರಸಿಕೊಂಡು ಚಾಪೆಯಲ್ಲಿ ಕೂತರು. ಪೊರ್ಬು ತಲೆಯ ಮುಂಡಾಸು ತೆಗೆದು ತಪ್ಪಾಯಿತು ಎಂದರು, ಕಾಣಿಕೆ ಇಟ್ಟರು. ಅವಲಕ್ಕಿ ಬೆಲ್ಲ ಹಂಚಿದರು. ನಾನೂ ತಿಂದೆ.

ಮಾವ ತಿನ್ನಲಿಲ್ಲ. "ಕಾಣಿಕೆ ಬರೆಯದ ಪಂಚಾತಿಕೆಗೆ ನನ್ನನ್ನು ಇನ್ನು ಕರೀಬೇಡ," ಎಂದು ಹೇಳಿ ಒಬ್ಬರೇ ಬಸ್ಸು ಹತ್ತಿ ಹೋದರು. ತಿಂಗಳುಗಟ್ಟಲೆ ಮಾತಾಡಲಿಲ್ಲ. ಉಳಿ ಹಿಡಿಯಲು ಕಲಿಸಿದ ಕೈ ಅದು. ನನಗೆ ಅದು ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಾನು ಹೋಗಿ ತಪ್ಪಾಯಿತು ಎನ್ನಲೂ ಇಲ್ಲ. ತಪ್ಪಾಗಿರಲಿಲ್ಲ.

ನಾನು ಅಂದುಕೊಂಡ ಹಾಗೆಯೇ ಆಯಿತು. ಯಾರೋ ಸಾಲಿಯಾನರ ತಲೆಗೆ ತುಂಬಿಸಿದರು, ಬಂಗುಡೆಯ ನಷ್ಟ ಕೋರ್ಟಿನಲ್ಲಿ ಸಿಗುತ್ತದೆ ಎಂದು. ತೀರ್ಪು ರದ್ದಾಗಬೇಕೆಂದು ಉಡುಪಿಯ ಮುನ್ಸಿಫ್ ಕೋರ್ಟಿನಲ್ಲಿ ಅರ್ಜಿ ಬಿತ್ತು. ಅವರ ವಕೀಲರು ಎರಡು ಮಾತು ಎತ್ತಿದರು. ಒಂದು, ಮಧ್ಯಸ್ಥ ಮೀನಿನ ನಷ್ಟ ಕೊಡಲಿಲ್ಲ. ಇನ್ನೊಂದು, ಮಧ್ಯಸ್ಥ ತನ್ನ ಅಧಿಕಾರ ಮೀರಿ ಧರ್ಮದ ದಂಡ ಹಾಕಿಸಿದ್ದಾನೆ. ಆದ್ದರಿಂದ ಇಡೀ ತೀರ್ಪು ಬಿದ್ದುಹೋಗಬೇಕು. ಕಾರ್ಕಳದಲ್ಲಿ ಬೀಸಿದ ಅದೇ ಕತ್ತಿ. ಪೊರ್ಬು ಹಿಂದಿನ ಬೆಂಚಿನಲ್ಲಿ ಕೂತು ಬಾಯಲ್ಲೇ ಪ್ರಾರ್ಥನೆ ಹೇಳುತ್ತಿದ್ದರು.

ಮುನ್ಸಿಫರು ತೀರ್ಪನ್ನು ಎರಡು ಸಲ ಓದಿದರು. "ಇದರಲ್ಲಿ ದಂಡ ಎಲ್ಲಿದೆ?"

"ಬರೆದಿಲ್ಲ ಸ್ವಾಮಿ, ಆದರೆ ಅದೇ ದಿವಸ ಅದೇ ಚಪ್ಪರದಲ್ಲಿ ಇಡಿಸಿದ್ದಾರೆ," ಎಂದರು ವಕೀಲರು.

ಸಾಲಿಯಾನರನ್ನು ಕಟಕಟೆಗೆ ಕರೆದರು. ಪೊರ್ಬುವಿನ ಕಡೆಯಿಂದ ಪದ್ಮನಾಭ ರಾಯರು ಎದ್ದು ಕೇಳಿದರು: "ಕಾಣಿಕೆ ಇಡಬೇಕು ಅಂತ ಹೇಳಿದ್ದು ಯಾರು?"

ಸಾಲಿಯಾನರು ಸಿಟ್ಟಿನ ಮನುಷ್ಯ, ಆದರೆ ಗುರಿಕಾರರ ಹೆಸರಿನಲ್ಲಿ ಸುಳ್ಳು ಹೇಳುವವರಲ್ಲ. "ನಮ್ಮ ಗುರಿಕಾರರು."

"ಆಗ ಮಧ್ಯಸ್ಥರು ಎಲ್ಲಿದ್ದರು? ಚಾಪೆಯ ಮೇಲಾ?"

"ಇಲ್ಲ. ಬರೆದು ಕೊಟ್ಟು ಎದ್ದಾಗಿತ್ತು. ನನ್ನ ಪಕ್ಕದಲ್ಲಿ ಕೂತಿದ್ರು."

"ಎಂತ ಮಾಡ್ತಿದ್ದರು?"

"ಅವಲಕ್ಕಿ ತಿಂತಾ ಇದ್ರು."

"ನೀವು?"

"ನಾನೂ ತಿಂತಾ ಇದ್ದೆ," ಎಂದರು ಸಾಲಿಯಾನರು. ಇಡೀ ಕೋರ್ಟು ನಕ್ಕಿತು. ಅವರೂ ನಕ್ಕರು. ಮುನ್ಸಿಫರು ತಲೆ ಕೆಳಗೆ ಹಾಕಿ ಏನೋ ಬರೆದುಕೊಂಡರು.

ತೀರ್ಮಾನ ಬಂದ ದಿನ ಕೋರ್ಟಿನ ಅಂಗಳದಲ್ಲಿ ನಿಲ್ಲಲು ಜಾಗವಿರಲಿಲ್ಲ. ಮುನ್ಸಿಫರು ಹೇಳಿದ್ದು ಇಷ್ಟು: ಕರಾರಿನಲ್ಲಿ ಬಾಡಿಗೆ ಎಂದಿದೆ, ಮಧ್ಯಸ್ಥ ಬಾಡಿಗೆಯನ್ನೇ ಕೊಡಿಸಿದ್ದಾನೆ. ಅದಕ್ಕಿಂತ ಹೆಚ್ಚು ಕೊಟ್ಟಿದ್ದರೆ ಅದು ಅಧಿಕಾರ ಮೀರಿದ್ದಾಗುತ್ತಿತ್ತು. ಊರಿನವರು ಆಮೇಲೆ ಮಾಡಿಕೊಂಡದ್ದು ತೀರ್ಪಿನ ಭಾಗವಲ್ಲ. ತೀರ್ಪು ಇದ್ದ ಹಾಗೆಯೇ ಊರ್ಜಿತ. ಒಂದು ಅಕ್ಷರ ಬದಲಾಗಲಿಲ್ಲ. ಪೊರ್ಬು ಓಡಿ ಬಂದು ನನ್ನನ್ನು ಎತ್ತಿಯೇ ಬಿಟ್ಟರು. ಅವರ ಮೈಯಲ್ಲಿ ಅಷ್ಟು ಶಕ್ತಿ ಇತ್ತೆಂದು ನನಗೆ ಗೊತ್ತಿರಲಿಲ್ಲ. ರಾಯರು ಕೋಟು ತೆಗೆದು ತೋಳಿನ ಮೇಲೆ ಹಾಕಿಕೊಂಡು, "ಆಚಾರ್ರೆ, ಇವತ್ತಿನ ಊಟ ನಂದು," ಎಂದರು. ನಾನು ಎರಡು ಸಲ ಪಾಯಸ ಹಾಕಿಸಿಕೊಂಡೆ.

ಗೆಲುವು ಅಲ್ಲಿಗೆ ಮುಗಿಯಲಿಲ್ಲ. ಎರಡು ವರ್ಷ ಕಳೆದು ಸಾಲಿಯಾನರು ಇನ್ನೊಂದು ದೋಣಿ ಕಟ್ಟಿಸಲು ಹೊರಟರು. ಹೋದದ್ದು ಪೊರ್ಬುವಿನ ಶೆಡ್ಡಿಗೇ. ಕರಾರು ಬರೆಯುವಾಗ, ತಕರಾರು ಬಂದರೆ ಯಾರು ಎಂದು ರಾಯರು ಕೇಳಿದರಂತೆ.

"ವಾಸು ಆಚಾರಿಯನ್ನೇ ಹಾಕಿ."

"ಅವರು ನಿಮಗೆ ಬಂಗುಡೆ ಕೊಡಲಿಲ್ಲವಲ್ಲ?"

"ಅದಕ್ಕೇ. ನನಗೆ ಕೊಡದವ ನಾಳೆ ಪೊರ್ಬುವಿಗೂ ಹೆಚ್ಚು ಕೊಡ್ಲಿಕ್ಕಿಲ್ಲ, ಅಲ್ವಾ?"

ನನಗೆ ಸಿಕ್ಕಿದ ಸರ್ಟಿಫಿಕೇಟು ಇದೊಂದೇ. ಬೇರೆ ಬೇಕಾಗಲೂ ಇಲ್ಲ.

ಮಾವನ ಮನೆಗೆ ಕೋರ್ಟಿನಲ್ಲಿ ಗೆದ್ದ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಕೋರ್ಟು ಹೇಳಿದ ಮಾರನೇ ವಾರ ಅವರೇ ಅಲೆವೂರಿಗೆ ಬಂದು ಜಗಲಿಯಲ್ಲಿ ಕೂತು, "ಆ ತೀರ್ಪು ಓದು, ನೋಡುವ," ಎಂದರು. ಓದಿದೆ. ಕಾಗದವನ್ನು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು.

"ಅಕ್ಷರ ಮಾತ್ರ ಇನ್ನೂ ಕೋಳಿ ಕೆದರಿದ ಹಾಗೇ ಉಂಟು."

"ಹೌದು ಮಾವ."

"ಬೈಲೂರಿನಿಂದ ಇಬ್ಬರು ನನ್ನ ಹತ್ತಿರ ಬಂದಿದ್ದಾರೆ, ಗಾಡಿ ಚಕ್ರದ ತಕರಾರು. ನಿನ್ನ ಹತ್ತಿರ ಕಳಿಸ್ತೇನೆ. ಕಾಣಿಕೆ ಇದ್ರೆ ನಾನು ನೋಡಿಕೊಳ್ತೇನೆ, ನೀನು ಚಕ್ರ ನೋಡು."

ಅವರು ಬದುಕಿರುವಷ್ಟು ಕಾಲ ನಾವು ಹಾಗೆಯೇ ಮಾಡಿದೆವು. ನಾನು ಬರೆದು ಏಳುವುದು, ಅವರು ಕೂತು ಹೇಳುವುದು. ಒಂದೇ ಒಂದು ಸಲವೂ ಕೋರ್ಟಿಗೆ ಕೊಕ್ಕೆ ಸಿಗಲಿಲ್ಲ.

ಈಗ ಹೊಸ ತಕರಾರು ತೆಗೆದುಕೊಳ್ಳುವುದು ಬಿಟ್ಟಿದ್ದೇನೆ. ನನ್ನಲ್ಲಿ ಇರುವುದು ಇಷ್ಟು: ಅಲೆವೂರಿನಲ್ಲಿ ನಾನೇ ಮಾಡು ಕೂಡಿಸಿದ ಮನೆ ಒಂದು. ಹೆಂಡತಿ, ಇಬ್ಬರು ಮಕ್ಕಳು, ಮೂವರು ಮೊಮ್ಮಕ್ಕಳು. ನೆಟ್ಟಗೆ ಕಾಣುವ ಕಣ್ಣು ಒಂದು, ಮಂಜಾದದ್ದು ಒಂದು. ಕೊಟ್ಟ ತೀರ್ಪುಗಳು ನಲವತ್ತೊಂದು. ಅವುಗಳಲ್ಲಿ ಕೋರ್ಟಿಗೆ ಹೋದವು ಆರು. ಬಿದ್ದವು, ಇಲ್ಲ.